ಊರೆಲ್ಲ ಮುಯ್ಯಿ ಮಾಡಿದ ಕವಚ

ಕಣ್ಣು ಮುಚ್ಚಿಕೊಂಡು ಕಾವ್ಯ ಕೇಳುವುದರಲ್ಲಿ ಗೋವಿಂದರಾಜುವನ್ನು ಮೀರಿಸಿದವರು ಅರಿಶಿನಕುಂಟೆಯ ಆಸುಪಾಸಿನಲ್ಲಿ ಯಾರೂ ಇರಲಿಲ್ಲ. ಶನಿವಾರ ಸಂಜೆ ಭಜನೆ ಮನೆಯಲ್ಲಿ ಮೇಷ್ಟ್ರು ಪುಸ್ತಕ ಬಿಚ್ಚಿ ರಾಗ ತೆಗೆದರೆ ಸಾಕು, ಅವನು ಕಂಬಕ್ಕೆ ಬೆನ್ನು ಕೊಟ್ಟು, ಕೈ ಜೋಡಿಸಿ, ರೆಪ್ಪೆ ಇಳಿಸಿಬಿಡುತ್ತಿದ್ದ. ಪದ್ಯದ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧಕ್ಕೆ ತಲೆದೂಗುತ್ತಿದ್ದ. ಸಹಕಾರ ಸಂಘದಲ್ಲಿ ಗೊಬ್ಬರದ ಚೀಟಿ ಹರಿಯುವ ಗುಮಾಸ್ತನಿಗೆ ಅದಕ್ಕಿಂತ ಹೆಚ್ಚಿನ ಅರ್ಥ ಬೇಕಾಗಿಯೂ ಇರಲಿಲ್ಲ.

ನಿಜವಾಗಿ ಕಲಿತವಳು ಗೋಡೆಯಾಚೆ ಹೆಂಗಸರ ಸಾಲಿನಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದ ಅವನ ಹೆಂಡತಿ ಅಶ್ವತ್ಥಮ್ಮ. ಒಮ್ಮೆ ಕಿವಿಗೆ ಬಿದ್ದ ಪದ್ಯ ಅವಳ ಗಂಟಲಲ್ಲೇ ಉಳಿಯುತ್ತಿತ್ತು. ಬೆಳಿಗ್ಗೆ ಮುದ್ದೆ ತೊಳಸುವಾಗ ಕೋಲಿನ ತಾಳಕ್ಕೆ ಸರಿಯಾಗಿ ಅದನ್ನು ಹಾಡುತ್ತಿದ್ದಳು. ಒಲೆಯ ಹೊಗೆಯೂ ನಿಂತು ಕೇಳುವಂಥ ದನಿ. ಗೋವಿಂದರಾಜು ಜಗಲಿಯ ಮೇಲೆ ಪೇಪರು ಹಿಡಿದು ಒಂದೇ ಪುಟವನ್ನು ನೋಡುತ್ತ ಅದು ಮುಗಿಯುವ ತನಕ ಕೂತಿರುತ್ತಿದ್ದ. ಮುಗಿದ ಮೇಲೆ, "ಮುದ್ದೆ ಆಯ್ತಾ?" ಎನ್ನುತ್ತಿದ್ದ. ಕಟ್ಟಿಕೊಂಡ ಹೆಂಡತಿಯನ್ನು ಎದುರಿಗೇ ಹೊಗಳುವುದು ಆ ಸೀಮೆಯಲ್ಲಿ ವಾಡಿಕೆಯಲ್ಲ; ಹೊಗಳಿದರೆ ಏನೋ ತಪ್ಪು ಮಾಡಿಬಂದಿದ್ದಾನೆಂದು ತಿಳಿಯುತ್ತಾರೆ.

ಆ ವರ್ಷ, ಅಂದರೆ ತೊಂಬತ್ತೊಂಬತ್ತರಲ್ಲಿ, ಊರಿನ ಮಹಿಳಾ ಮಂಡಳಿಯವರು ವಾರ್ಷಿಕೋತ್ಸವಕ್ಕೆ ನಾಟಕವಾಡುವುದೆಂದು ನಿಶ್ಚಯಿಸಿದರು. ಮೇಷ್ಟ್ರೇ ಬರೆದುಕೊಟ್ಟರು. ಯಾವ ನಾಡಿನವಳೆಂದು ಅವರೂ ಹೇಳದ ಒಬ್ಬ ರಾಣಿ, ಅವಳ ಕೋಟೆಗೆ ನುಗ್ಗುವ ಒಬ್ಬ ದುಷ್ಟರಾಜ, ಕೊನೆಗೆ ಯುದ್ಧ. ಮಂಡಳಿಯ ಅಧ್ಯಕ್ಷಿಣಿ ಪಾಪಕ್ಕ ಆಳುದ್ದದ ಹೆಂಗಸು. ಮೀಸೆ ಅಂಟಿಸಿಕೊಳ್ಳಲು ಬೇರೆ ಯಾರೂ ಒಪ್ಪದ ಕಾರಣ ದುಷ್ಟರಾಜನ ಪಾತ್ರ ಆಕೆಗೇ ಬಂತು. ರಾಣಿ ಯಾರೆಂಬ ಪ್ರಶ್ನೆಯೇ ಹುಟ್ಟಲಿಲ್ಲ. ಮೇಷ್ಟ್ರು ಅಶ್ವತ್ಥಮ್ಮನ ದನಿಗೆಂದೇ ಕಟ್ಟಿದ್ದ ಪದ್ಯವೊಂದು ಯುದ್ಧದ ನಡುವೆ ಇತ್ತು:

ಬಳೆಯ ಕೈಯಿದು ಬಾಗದೆಂದಿಗು
ಕಳೆಯೆ ನಾಡಿನ ಹೆಸರ ಮಣ್ಣೊಳು
ಉಳಿವುದೆನ್ನಯ ದನಿಯು ಕೇಳಿರೊ ಕತ್ತಿ ತಾ ಮುರಿಯೆ

ಅವಳು ಅದನ್ನು ಮೊದಲ ಸಲ ಹಾಡಿದ ದಿನ ಪಾಪಕ್ಕ ಮೀಸೆ ತೆಗೆದು ಕಣ್ಣೊರೆಸಿಕೊಂಡಳು. ಸೆರಗಿನೊಳಗೆ ನಾಲ್ಕು ಗೋಡೆಯ ನಡುವೆ ಇದ್ದ ದನಿ ಬಯಲಿಗೆ ಬರುವುದು ಅದೇ ಮೊದಲು. ಅಶ್ವತ್ಥಮ್ಮ ತನಗೆ ಅದೇನೂ ದೊಡ್ಡದಲ್ಲವೆಂಬಂತೆ ನಡೆದುಕೊಂಡಳು. ಆದರೆ ಆಮೇಲೆ ಮನೆಯಲ್ಲಿ ಎರಡು ಸಲ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು.

ತೊಡಕು ಬಂದದ್ದು ಕವಚದಿಂದ. ನೆಲಮಂಗಲದಲ್ಲಿ ನಾಟಕದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಹೆಂಗಸಿನ ಪಾತ್ರವೆಂದರೆ ಜರಿ ಸೀರೆ, ಡಾಬು, ಓಲೆ, ಅಷ್ಟೇ. ಕವಚಗಳೆಲ್ಲ ಗಂಡಸರವು.

"ಅದನ್ನೇ ತನ್ನಿ ಸಾಕು," ಎಂದಳು ಅಶ್ವತ್ಥಮ್ಮ. "ಬೆನ್ನಿಗೆ ಒಂದು ದಾರ ಬಿಗಿದ್ರೆ ನನಗೂ ಸರಿಹೋಗ್ತದೆ."

ಇಷ್ಟು ಸರಳವಾಗಿ ಮುಗಿಯಬಹುದಾಗಿದ್ದ ವಿಷಯದಲ್ಲಿ ಗೋವಿಂದರಾಜುವಿಗೆ ತನ್ನದೂ ಒಂದು ಮಾತಿರಲಿ ಎನ್ನಿಸಿತು. ಭಜನೆ ಮನೆಯಲ್ಲಿ ಎಲ್ಲರೂ ಇದ್ದರು. ಊರ ಹಿರಿಯ ದೊಡ್ಡಬೀರಪ್ಪನೂ ಇದ್ದ.

"ಥೂ, ಏಳೂರಿನ ಗಂಡಸ್ರ ಬೆವರು ಐತೆ ಅದರಾಗೆ. ರಾಣಿ ಅಂದ್ಮೇಲೆ ರಾಣಿ ಕವಚಾನೇ ಬೇಕು. ಕಂಪ್ಯೂಟರಾಗೆ ಎಲ್ಲಾ ಐತೆ. ನಮೂನೆ ನಾನು ತರ್ತೀನಿ, ಕೊಂಡಪ್ಪನ ಕೈಲಿ ಮಾಡ್ಸಿದ್ರಾಯ್ತು."

ಕೊಂಡಪ್ಪ ಆ ಊರಿನ ತಗಡು ಕೆಲಸದವನು. ಮದುವೆಗೆ ಟ್ರಂಕು ಮಾಡಿಕೊಡುತ್ತಿದ್ದ.

"ನಿನಗೆ ಕಂಪ್ಯೂಟರ್ ಬರ್ತದಾ ಗೋವಿಂದ್ರಾಜು?" ಎಂದ ದೊಡ್ಡಬೀರಪ್ಪ, ಮರ್ಯಾದೆ ಬೆರೆತ ಅನುಮಾನದಿಂದ.

"ನಮ್ಮ ಸಂಘದಾಗೆ ಇಲ್ವಾ ಬೀರಣ್ಣ?"

ಇತ್ತು. ಹೂವಿನ ಬಟ್ಟೆ ಹೊದ್ದು ಮೂಲೆಯಲ್ಲಿತ್ತು. ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುತ್ತಿದ್ದವನು ಗೋವಿಂದರಾಜುವೇ. ಅವನ ಕಂಪ್ಯೂಟರ್ ವಿದ್ಯೆ ಅಲ್ಲಿಗೆ ಮುಗಿದಿತ್ತು.

ಆದರೂ ಅವನ ಧೈರ್ಯಕ್ಕೆ ಆಧಾರವಿತ್ತು. ಅಕ್ಕನ ಮಗ ಮುನೀಂದ್ರ ನೆಲಮಂಗಲದ ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ಟೈಪಿಂಗ್ ಕಲಿಯಲು ಬಂದವರೆಲ್ಲ ಅಲ್ಲಿ ಒಂದೇ ಆಟವಾಡುತ್ತ ಕೂತಿರುತ್ತಿದ್ದರು.

"ಇದು ಫೋನ್ ಲೈನ್ ಮೇಲೆ ಆಡೋ ಆಟ ಮಾವ. ಎದುರಿಗೆ ನಿಂತವ್ನಲ್ಲ, ಅವನು ಯಾವ್ದೋ ದೇಶದಾಗೆ ಕೂತ್ಕೊಂಡು ಆಡ್ತಾ ಅವ್ನೆ," ಎಂದು ಮುನೀಂದ್ರ ತೆರೆ ತೋರಿಸಿದ.

ಗೋವಿಂದರಾಜು ಆ ದೂರದೇಶದವನಿಗೆ ಒಂದು ನಮಸ್ಕಾರ ಹಾಕಿ, ಮುನೀಂದ್ರನ ವೀರನನ್ನು ನೋಡಿದ. ನೋಡಿ ಮೈ ಜುಮ್ಮೆಂದಿತು. ಶಿರಸ್ತ್ರಾಣ, ಎದೆಗವಚ, ತೋಳಿಗೆ ತೋಳಿನಷ್ಟು, ಮೊಣಕಾಲಿಗೆ ಮೊಣಕಾಲಿನಷ್ಟು. ನೊಣ ನುಗ್ಗಲೂ ಸಂದಿಲ್ಲ. ಕಣ್ಣು ಮುಚ್ಚಿ ಕೇಳಿದ್ದ ಯುದ್ಧಗಳೆಲ್ಲ ಕಣ್ಣು ಬಿಟ್ಟು ಎದುರು ನಿಂತಂತಾಯಿತು.

"ಇದೇ! ಇದೇ ಕವಚ. ಆದರೆ ಹೆಂಗಸಿಗೆ ಆಗೋ ಹಂಗೆ ಮಾಡಿಕೊಡು."

"ಅದೇನ್ ದೊಡ್ಡದು ಮಾವ, ಒಂದು ಗುಂಡಿ ಒತ್ತಿದ್ರೆ ಹೆಂಗಸಾಗ್ತಾನೆ."

ಅವನು ಗುಂಡಿ ಒತ್ತಿದ. ಪ್ರಿಂಟರು ನರಳತೊಡಗಿತು. ಅದೇ ಹೊತ್ತಿಗೆ ಹೊರಗೆ ಬಸ್ಸಿನವನು ಊರಿನ ಹೆಸರು ಕೂಗಿದ. ಗೋವಿಂದರಾಜು ಹಾಳೆಯನ್ನು ಬಿಸಿಬಿಸಿಯಾಗಿ ಎಳೆದುಕೊಂಡು, ಬಿಚ್ಚಿ ನೋಡದೆ ಸುರುಳಿ ಸುತ್ತಿ ಓಡಿದ. ಆ ಬಸ್ಸು ಆಮೇಲೆ ಬಹಳ ಹೊತ್ತು ಅಲ್ಲೇ ನಿಂತಿತ್ತೆಂಬುದು ಬೇರೆ ಮಾತು. ಸೀಟು ಸಿಕ್ಕಿದ್ದರಿಂದ ಅವನು ನೆಮ್ಮದಿಯಾಗಿ ಕಣ್ಣು ಮುಚ್ಚಿಕೊಂಡ.

ಸುರುಳಿಯನ್ನು ಭಜನೆ ಮನೆಯಲ್ಲಿ ದೇವರ ಪಟದ ಮುಂದಿಟ್ಟು, ಒಂದು ಹೂವೇರಿಸಿ, ಆಮೇಲೆ ಪಾಪಕ್ಕನ ಕೈಗೆ ಕೊಟ್ಟ. ಹೆಂಗಸರು ಸುತ್ತುವರಿದರು. ದೊಡ್ಡಬೀರಪ್ಪ ಗಂಟಲು ಸರಿಮಾಡಿಕೊಂಡ. ಪಾಪಕ್ಕ ಬಿಚ್ಚಿದಳು.

ಸುತ್ತುವರಿದಿದ್ದ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು.

ಕವಚ ಇರಲಿಲ್ಲವೆಂದಲ್ಲ. ಭುಜದ ಮೇಲೆ ಗೋಪುರದಂಥ ಭುಜಕೀರ್ತಿಗಳಿದ್ದವು. ಮೊಣಕಾಲಿನ ತನಕ ಉಕ್ಕಿನ ಬೂಟಿತ್ತು. ನಡುವೆ, ಎರಡು ತೆಂಗಿನ ಚಿಪ್ಪಿನಷ್ಟು ಹಾಗೂ ಕೆಳಗೆ ಒಂದು ವೀಳ್ಯದೆಲೆಯಷ್ಟು ಲೋಹವನ್ನು ಬಿಟ್ಟರೆ, ರಾಣಿ ಭಗವಂತನನ್ನೇ ನಂಬಿ ಯುದ್ಧಕ್ಕೆ ಹೊರಟಿದ್ದಳು.

"ಅಯ್ಯೋ ನಮ್ಮವ್ವ!" ಎಂದಳು ಪಾಪಕ್ಕ. "ಈಯಮ್ಮ ಹೊಂಟಿರೋದು ಯುದ್ಧಕ್ಕಾ, ಎಣ್ಣೆ ಸ್ನಾನಕ್ಕಾ?"

"ಹೊಟ್ಟೆಗೆ ಬಾಣ ಬಿಟ್ರೆ ಏನ್ ಮಾಡ್ತಾಳಂತೆ?"

"ಹೊಟ್ಟೆ ಎಲ್ಲೈತೆ ಬಿಡೆ, ಅದನ್ನೂ ಕಡಿದವ್ರೆ. ಅನ್ನ ಕಂಡು ಎಷ್ಟು ದಿನ ಆಯ್ತೋ ಪಾಪ."

ಅಶ್ವತ್ಥಮ್ಮ ಚಿತ್ರವನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು, ಸೆರಗು ಹೊದ್ದುಕೊಂಡಳು.

"ತತ್ತಾ ಇಲ್ಲಿ," ಎಂದ ದೊಡ್ಡಬೀರಪ್ಪ. "ಖಂಡಿಸಬೇಕಾದ್ರೂ ಸರಿಯಾಗಿ ನೋಡಿ ಖಂಡಿಸಬೇಕು." ಕನ್ನಡಕ ಹಾಕಿಕೊಂಡ. ಬೆಳಕು ಸಾಲದೆಂದು ಬಾಗಿಲಿಗೆ ಹೋದ. ಅಲ್ಲಿಂದ ಜಗಲಿಗೆ ಹೋದ. ಬಹಳ ಹೊತ್ತು ಖಂಡಿಸಿದ. ಜಗಲಿಯಲ್ಲಿದ್ದ ಗಂಡಸರೂ ಒಬ್ಬೊಬ್ಬರಾಗಿ ಬಂದು ಖಂಡಿಸಿದರು. ಮರುದಿನ ಹಾಳೆ ಡೈರಿಯಲ್ಲಿತ್ತು, ಆಮೇಲೆ ಕ್ಷೌರದಂಗಡಿಯಲ್ಲಿ. ಊರ ಮಾನದ ಬಗ್ಗೆ ಕಾಳಜಿಯುಳ್ಳವರು ಅಷ್ಟು ಮಂದಿ ಇದ್ದಾರೆಂದು ಅದುವರೆಗೆ ಯಾರಿಗೂ ತಿಳಿದಿರಲಿಲ್ಲ. ಮಡಚಿ ಬಿಚ್ಚಿ ರಾಣಿ ನಾಲ್ಕು ತುಂಡಾಗುವ ಹಾಗಾದಳು.

ಗೋವಿಂದರಾಜು ಮುನೀಂದ್ರನ ಬಳಿ ಓಡಿದ.

"ಏನೋ ಇದು? ನಾನು ಕೇಳಿದ್ದು ಆ ವೀರನ ಕವಚ!"

"ಅದೇ ಕವಚ ಮಾವ. ಹೆಸರೂ ಅದೇ. ಗಂಡಸಿಗೆ ಹಾಕಿದ್ರೆ ಹಿಮ್ಮಡಿ ತನಕ ಬರ್ತದೆ, ಹೆಂಗಸಿಗೆ ಹಾಕಿದ್ರೆ ಹಿಂಗಾಗ್ತದೆ."

"ಒಗೆದಾಗ ಕುಗ್ಗಿತಾ?"

"ಇಲ್ಲ ಮಾವ, ಆಟ ಮಾಡಿದವ್ರು ಹಂಗೇ ಮಾಡವ್ರೆ. ಆದರೆ ಏಟು ತಡೆಯೋ ಶಕ್ತಿ ಎರಡಕ್ಕೂ ಒಂದೇ."

"ಬರೀ ಹೊಟ್ಟೆ ಮೇಲೆ ಕತ್ತಿ ಬಿದ್ರೂ?"

"ಬಿದ್ರೂ ಅಷ್ಟೇ."

ಗೋವಿಂದರಾಜು ತಲೆದೂಗಿದ. ಅರ್ಥವಾಗದ ಅರ್ಧಕ್ಕೆ ಅವನು ಯಾವಾಗಲೂ ಹಾಗೇ ಮಾಡುತ್ತಿದ್ದ. "ಯಾರು ಅದನ್ನ ಮಾಡಿದ್ದು, ಹೆಂಗಸರಾ?" ಎಂದು ಕೇಳಿದ. ಮುನೀಂದ್ರ ನಕ್ಕುಬಿಟ್ಟ.

ಅಷ್ಟರಲ್ಲಿ ಸುದ್ದಿ ಕುಂದಾಣ ಮುಟ್ಟಿತ್ತು. ಅಶ್ವತ್ಥಮ್ಮನ ತವರು ಅದು. ದಾರಿಯಲ್ಲಿ ಬೆಳೆಯುತ್ತ ಹೋದ ಸುದ್ದಿ, ಗೋವಿಂದರಾಜು ಹೆಂಡತಿಗೆ ತಗಡು ಕಟ್ಟಿ ಬೆಂಗಳೂರಿನ ಹೋಟೆಲಿನಲ್ಲಿ ಕುಣಿಸುತ್ತಾನೆಂದು ಆಗಿತ್ತು. ಅತ್ತೆ ಮುತ್ತಮ್ಮ ಮೊದಲ ಬಸ್ಸಿಗೇ ಬಂದಿಳಿದು, ಕಾಲಿಗೆ ನೀರು ಕೊಟ್ಟರೂ ತೊಳೆಯದೆ ಅಂಗಳದಲ್ಲಿ ನಿಂತಳು.

"ಏನಪ್ಪಾ ಅಳಿಯಪ್ಪಾ, ನನ್ನ ಮಗಳಿಗೆ ಸೀರೆ ತರೋ ಯೋಗ್ಯತೆ ಇಲ್ಲದಿದ್ರೆ ನಾವು ಕೊಡ್ತಿರಲಿಲ್ವಾ? ತಗಡು ಕಟ್ತೀನಿ ಅಂತೀಯಲ್ಲ!"

"ಹಂಗಲ್ಲ ಅತ್ತೆ, ಮುಚ್ಚೋ ಕವಚ ಮಾಡಿಸ್ತೀನಿ. ಪೂರ್ತಿ ಮುಚ್ಚೋದು."

"ಅವ್ವಾ, ಆ ಬಾಡಿಗೆ ಕವಚ..." ಎಂದು ಅಶ್ವತ್ಥಮ್ಮ ಬಾಯಿ ತೆರೆದಳು.

"ನೀನು ಸುಮ್ಕಿರೆ, ನಿನ್ನ ವಿಷಯಾನೇ ಮಾತಾಡ್ತಾ ಇರೋದು," ಎಂದಳು ಮುತ್ತಮ್ಮ. ಚೀಲದಿಂದ ಒಂದು ಖಾಲಿ ಎಣ್ಣೆ ತಗಡು ತೆಗೆದಳು. "ತಗೊ. ಹೊಟ್ಟೆಗೆ ನನ್ನ ಮುಯ್ಯಿ. ಇದನ್ನ ಬಡಿದು ಹಾಕ್ಸು."

ಮುಯ್ಯಿ ಎಂದಮೇಲೆ ಮುಗಿಯಿತು. ಶುಭಕಾರ್ಯಕ್ಕೆಂದು ತಂದುಕೊಟ್ಟ ಮುಯ್ಯನ್ನು ಬೇಡವೆಂದು ತಳ್ಳಿದವನು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ತೆಗೆದುಕೊಳ್ಳಬೇಕು, ಅವರ ಮನೆಯ ಕಾರ್ಯ ಬಂದಾಗ ತೀರಿಸಬೇಕು. ಮುತ್ತಮ್ಮ ಹೊಟ್ಟೆ ಮುಚ್ಚಿದಳೆಂದು ತಿಳಿದದ್ದೇ ದೊಡ್ಡಬೀರಪ್ಪ, ಊರ ಹಿರಿಯನಾಗಿ ತಾನು ಬರಿಗೈಲಿ ಇರುವುದು ಹೇಗೆಂದು, ಕುತ್ತಿಗೆಗೆಂದು ಹಳೆಯ ಹಂಡೆಯ ಬಾಯಿ ಕಳಿಸಿದ. ಪಾಪಕ್ಕ ತೊಡೆಗೆ ಎರಡು ಡಾಲ್ಡಾ ಡಬ್ಬ ಕೊಟ್ಟಳು. ಡೈರಿಯವರು ಬೆನ್ನು ವಹಿಸಿಕೊಂಡರು. "ಬೆತ್ತಲೆ ನಾಟಕ" ನಡೆಯುತ್ತದೆಂಬ ದೂರು ಹಿಡಿದು ಸೈಕಲ್ಲಿನಲ್ಲಿ ಬಂದ ಪೇದೆಯೊಬ್ಬ, ಮೊದಲು ಚಿತ್ರವನ್ನು ವಿಚಾರಣೆಗೆಂದು ಜೇಬಿಗಿಳಿಸಿ, ಆಮೇಲೆ ಗೋವಿಂದರಾಜುವನ್ನು ಬದಿಗೆ ಕರೆದ.

"ನೋಡು ಗುರು, ಕಾನೂನು ಪ್ರಕಾರ ಮುಖಾನೂ ಕಾಣಬಾರದು."

"ಯಾವ ಕಾನೂನು ಸ್ವಾಮಿ?"

"ಕೇಳ್ತೀಯಾ? ಹಂಗಾದ್ರೆ ಠಾಣೆಗೇ ಬಾ, ಓದಿ ಹೇಳ್ತೀನಿ."

ಗೋವಿಂದರಾಜು ಮತ್ತೆ ಕೇಳಲಿಲ್ಲ. ಮುಖಕ್ಕೂ ತಗಡು ಬಂತು.

ಕೊಂಡಪ್ಪನಿಗೆ ಅಳತೆಯ ಚಿಂತೆ. ಪರರ ಹೆಂಡತಿಯ ಮೈಗೆ ದಾರ ಹಿಡಿದು ಅಳೆಯುವುದು ಧರ್ಮವಲ್ಲ. ಅಶ್ವತ್ಥಮ್ಮನೇ ಅಳತೆಗೊಂದು ರವಿಕೆ ಕಳಿಸಿದರೆ, ಅದನ್ನು ಮುಟ್ಟಲೂ ನಾಚಿ ಹಿಂದಕ್ಕೆ ಕಳಿಸಿದ. ಕೊನೆಗೆ ಗೋವಿಂದರಾಜುವನ್ನೇ ಅಂಗಡಿಯ ಮುಂದೆ ಕೈಯಗಲಿಸಿ ನಿಲ್ಲಿಸಿ ಅಳೆದ. "ಗಂಡ ಹೆಂಡತಿ ಒಂದೇ ಅಂತ ಮೇಷ್ಟ್ರೇ ಹೇಳ್ತಾರಲ್ಲ," ಎಂದ. ಟ್ರಂಕು ಮಾಡಿ ಪಳಗಿದ ಕೈ, ಎಲ್ಲದಕ್ಕೂ ಚಿಲಕ, ಕೊಂಡಿ. ಬೆನ್ನಿಗೆ ಬೀಗ ಹಾಕುವ ಅನುಕೂಲವನ್ನೂ ಮಾಡಿದ್ದ.

ನಾಟಕದ ಸಂಜೆ ಶಾಲೆಯ ಅಂಗಳ ತುಂಬಿತ್ತು. ದೂರು ಕೊಟ್ಟವರೆಲ್ಲ ಮುಂದಿನ ಸಾಲಿನಲ್ಲಿದ್ದರು. ಕೆಲವರ ಮುಖದಲ್ಲಿ, ಎಲ್ಲ ಮುಚ್ಚಿಹೋಯಿತಂತೆ ಎಂಬ ಸಣ್ಣ ದುಃಖವೂ ಇತ್ತು. ಗೋವಿಂದರಾಜು ಕಂಬ ಹುಡುಕಿ, ಸಿಗದೆ, ಮಾವಿನ ಮರಕ್ಕೆ ಬೆನ್ನು ಕೊಟ್ಟು ಕೂತ.

ಪರದೆ ಸರಿಯಿತು. ರಂಗದ ನಡುವೆ ಒಂದು ತಗಡಿನ ಬೀರು ನಿಂತಿತ್ತು.

ಅದು ರಾಣಿಯೆಂದು ಜನಕ್ಕೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಟ್ಟೆಯ ಮೇಲೆ "ಶುದ್ಧ ಕಡಲೆಕಾಯಿ ಎಣ್ಣೆ" ಎಂಬ ಅಕ್ಷರಗಳು ಹೊಳೆಯುತ್ತಿದ್ದವು. ತೊಡೆಯ ಮೇಲೆ ಡಾಲ್ಡಾದ ತಾಳೆಮರ. ತಲೆಯ ಮೇಲೆ ಮಗುಚಿದ ಕೊಳದಪ್ಪಲೆಯಂಥ ಶಿರಸ್ತ್ರಾಣ, ಕಣ್ಣಿಗೆಂದು ಎರಡು ತೂತು, ಬಾಯಿಗೆ ಒಂದೂ ಇಲ್ಲ. ಬಾಯಿ ಮುಚ್ಚುವುದು ಯಾರ ಮುಯ್ಯೂ ಆಗಿರಲಿಲ್ಲ; ತೆರೆದಿಡಬೇಕೆಂದೂ ಯಾರಿಗೂ ಹೊಳೆದಿರಲಿಲ್ಲ.

"ಎಲೈ ರಾಣಿ! ಶರಣಾಗು!" ಎಂದು ಪಾಪಕ್ಕ ಮೀಸೆ ತಿರುವುತ್ತ ನುಗ್ಗಿದಳು.

ರಾಣಿ ಶರಣಾಗಲಿಲ್ಲ. ಕತ್ತಿಯನ್ನೂ ಎತ್ತಲಿಲ್ಲ. ತೋಳು ಎತ್ತಿದರೆ ಭುಜದ ತಗಡು ಕಿವಿಗೆ ಬಡಿದು ಗಂಟೆ ಹೊಡೆದ ಹಾಗೆ ಸದ್ದಾಗುತ್ತಿತ್ತು. ಹೆಜ್ಜೆ ಇಡಲು ಹೋಗಿ ಅರ್ಧಕ್ಕೇ ನಿಂತಳು. ಪಾಪಕ್ಕ ಸುತ್ತ ಒಂದು ಬಾರಿ ಕುಣಿದಳು, ಇನ್ನೊಂದು ಬಾರಿ ಕುಣಿದಳು, ಪದ್ಯ ಬರಲೆಂದು ಕಾದಳು.

ಬಂತು. ಕೊಡದೊಳಗೆ ಜೀರುಂಡೆ ಸಿಕ್ಕಿಕೊಂಡಂಥ ಒಂದು ಗುಂಯ್‌ಗುಡುವ ಸದ್ದು.

"ಏನಂತಾಳೆ?" ಎಂದ ಯಾರೋ.

"ಎಣ್ಣೆ ಬೆಲೆ ಹೇಳ್ತಾ ಅವ್ಳೆ!"

ನಗು ಮುಂದಿನ ಸಾಲಿನಿಂದ ಹೊರಟು ಹಿಂದಿನ ಸಾಲಿಗೆ ಹೋಗಿ, ಅಲ್ಲಿಂದ ದೊಡ್ಡದಾಗಿ ಮರಳಿ ಬಂತು. ಮುತ್ತಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಗುಂಯ್ ಸದ್ದು ನಿಲ್ಲಲಿಲ್ಲ. ಒಂದು ಸಾಲು, ಎರಡು ಸಾಲು, ಮೂರನೆಯ ಸಾಲಿನ ನಡುವೆ ಎಲ್ಲೋ ನಿಂತಿತು. ಪಾಪಕ್ಕನಿಗೆ ಕಥೆ ಮುಗಿಸುವ ದಾರಿ ಕಾಣಲಿಲ್ಲ. ತಾನೇ ರಾಣಿಯ ಅಲುಗದ ಕತ್ತಿಗೆ ಬಂದು ಹಾಯ್ದು, "ಸತ್ತೆ!" ಎಂದು ಕೂಗಿ ಬಿದ್ದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಂಥ ಹಾಸ್ಯ ನಾಟಕ ಈ ಹೋಬಳಿಯಲ್ಲಿ ನೋಡಿಲ್ಲವೆಂದು ದೊಡ್ಡಬೀರಪ್ಪ ಭಾಷಣ ಮಾಡಿದ.

ಗೋವಿಂದರಾಜು ಮಾತ್ರ ಕಣ್ಣು ಬಿಟ್ಟುಕೊಂಡೇ ಇದ್ದ. ಕವಚದ ಎರಡು ತೂತುಗಳು ಅಷ್ಟು ಜನರ ನಡುವೆ ಮಾವಿನ ಮರದ ಕಡೆಗೇ ತಿರುಗಿದ್ದವು.

ಬಿಚ್ಚುವಾಗ ಬೆನ್ನಿನ ಚಿಲಕ ಸಿಕ್ಕಿಕೊಂಡು ಕೊಂಡಪ್ಪನೇ ಸುತ್ತಿಗೆ ತರಬೇಕಾಯಿತು. ಒಳಗಿಂದ ಬಂದ ಅಶ್ವತ್ಥಮ್ಮನ ಕತ್ತಿನಲ್ಲಿ ಹಂಡೆಯ ಬಾಯಿ ಗೀರಿದ ಕೆಂಪು ಗೆರೆಯಿತ್ತು. ಅವಳು ಯಾರನ್ನೂ ಬಯ್ಯಲಿಲ್ಲ. "ಅವ್ವ ಉಣ್ಣಬೇಕು, ಬನ್ನಿ," ಎಂದು ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಮುದ್ದೆ ತೊಳಸುವ ಕೋಲಿನ ಸದ್ದು ಬಂತು. ಪದ್ಯ ಬರಲಿಲ್ಲ. ಅದರ ಮರುದಿನವೂ ಇಲ್ಲ. ಶನಿವಾರ ಭಜನೆ ಮನೆಯ ಹೆಂಗಸರ ಸಾಲಿನಲ್ಲಿ ಅವರೆಕಾಯಿಯ ಮೊರ ಇಲ್ಲ. ಗೋವಿಂದರಾಜುವಿಗೆ ಈಗ ಬೆಳಿಗ್ಗೆ ಪೇಪರಿನ ಎಲ್ಲ ಪುಟಗಳೂ ಓದಿ ಮುಗಿಯುತ್ತಿದ್ದವು. ಕಂಪ್ಯೂಟರು ಗೊತ್ತಿದ್ದವನಿಗೆ ಈಗ ಲೋಕದ ವಿದ್ಯಮಾನವೂ ಗೊತ್ತಾಯಿತು. ಡೈರಿಯಲ್ಲಿ ಅವನ ಮಾತಿಗೆ ಬೆಲೆ ಬಂತು.

ಮುಯ್ಯಿ ತೀರಿಸುವ ಹೊತ್ತಿಗೆ ತಗಡುಗಳೆಲ್ಲ ಬಂದ ದಾರಿಯಲ್ಲೇ ಹೋದವು. ಕಡಲೆಕಾಯಿ ಎಣ್ಣೆಯ ಹೊಟ್ಟೆ ಕುಂದಾಣದಲ್ಲಿ ಹಿಟ್ಟು ತುಂಬಿಕೊಂಡು ಕೂತಿತು. ಯಾರ ಮುಯ್ಯೂ ಅಲ್ಲದ ಶಿರಸ್ತ್ರಾಣ ಮಾತ್ರ ಗೋವಿಂದರಾಜುವಿನ ಹಿತ್ತಿಲಲ್ಲಿ ಉಳಿಯಿತು. ಒಂದು ಹೇಂಟೆ ಅದರಲ್ಲಿ ಹುಲ್ಲು ಕೆದರಿ ಸಂಸಾರ ಹೂಡಿತು.

ಒಂದು ಬೆಳಿಗ್ಗೆ ಅವನು ಪೇಪರು ಮುಗಿಸಿ ಹಿತ್ತಿಲಿಗೆ ಹೋದ. ಕೋಳಿಯನ್ನು ಓಡಿಸಿ, ಸುತ್ತ ಯಾರೂ ಇಲ್ಲವೆಂದು ನೋಡಿ, ಶಿರಸ್ತ್ರಾಣವನ್ನು ತಲೆಗೇರಿಸಿದ. ಹುಲ್ಲು, ಹಿಕ್ಕೆಯ ವಾಸನೆ, ಕತ್ತಲು. ಮೆಲ್ಲಗೆ, ರಾಗ ಬಾರದ ತನ್ನ ದನಿಯಲ್ಲಿ, "ಬಳೆಯ ಕೈಯಿದು..." ಎಂದ.

ಕಿವಿ ಗಡಚಿಕ್ಕಿತು. ಪಿಸುಮಾತಿನಷ್ಟು ಅಂದದ್ದು ಒಳಗೆ ಗುಡುಗಾಯಿತು. ಆ ಸಂಜೆ ಅವಳು ಗುಂಯ್‌ಗುಟ್ಟಿರಲಿಲ್ಲ. ಗಂಟಲು ಬಿಚ್ಚಿ ಹಾಡಿದ್ದಳು. ಅಷ್ಟು ದೊಡ್ಡ ಹಾಡನ್ನು ಕೇಳಿದವಳು ಅವಳೊಬ್ಬಳೇ. ಹೊರಗಿನ ನಗು ಮಾತ್ರ ಕಣ್ಣಿನ ತೂತುಗಳಿಂದ ಒಳಗೆ ಬಂದಿರಬೇಕು.

ಕತ್ತಲಲ್ಲಿ ಅವನಿಗೆ ಧೈರ್ಯ ಬಂತು.

"ಅಶ್ವತ್ಥಾ, ನೀನು ಹೇಳಿದ್ದೆ, ದಾರ ಬಿಗಿದ್ರೆ ಸಾಕು ಅಂತ. ನಾನು ಕೇಳಲಿಲ್ಲ. ನಿನ್ನ ದನಿ ಚೆನ್ನಾಗೈತೆ. ಯಾವತ್ತೂ ಚೆನ್ನಾಗೇ ಇತ್ತು. ನಾನು ಪೇಪರು ಓದ್ತಿರಲಿಲ್ಲ ಕಣೆ, ಅದನ್ನೇ ಕೇಳ್ತಾ ಕೂತಿರ್ತಿದ್ದೆ."

ತೂತುಗಳಲ್ಲಿ ಸೀರೆಯ ಅಂಚು ಕಂಡಿತು. ಅಶ್ವತ್ಥಮ್ಮ ಮುದ್ದೆ ಕೋಲು ಹಿಡಿದು ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಿದ್ದಳು. ದಪ್ಪಲೆ ತಲೆಯ ಗಂಡನನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಳೇನೋ.

"ಏನಂದ್ರಿ? ಕೇಳಿಸ್ಲಿಲ್ಲ."

ಅವನು ಶಿರಸ್ತ್ರಾಣ ತೆಗೆದ. ಕೂದಲಿಗೆ ಹುಲ್ಲು ಮೆತ್ತಿತ್ತು. ಬೇಲಿಯಾಚೆ ದೊಡ್ಡಬೀರಪ್ಪ ಚೊಂಬು ಹಿಡಿದು ಹೋಗುತ್ತಿದ್ದವನು ನಿಂತು, "ಏನ್ ಗೋವಿಂದ್ರಾಜು, ಇನ್ನೊಂದು ನಾಟಕವಾ?" ಎಂದ. ಗೋವಿಂದರಾಜು ಬಾಯಿ ತೆರೆದ. ಹೊರಗಿನ ಗಾಳಿಯಲ್ಲಿ ಅವನ ದನಿ ಎಂದಿನಷ್ಟೇ ಸಣ್ಣದಾಗಿತ್ತು.

"ಮುದ್ದೆ ಆಯ್ತಾ, ಅಂದೆ."

"ಆಯ್ತು," ಎಂದು ಅವಳು ಒಳಗೆ ಹೋದಳು.

ಹೇಂಟೆ ಬಂದು, ಅವನ ಕೈಯಲ್ಲಿದ್ದ ಶಿರಸ್ತ್ರಾಣವನ್ನೇ ನೋಡುತ್ತ, ಕೆಳಗಿಡಲೆಂದು ಕಾದು ನಿಂತಿತು.